ಹನ್ನೊಂದು ಜನ ಸೇರುವವರೆಗೆ

ಹೊಸೂರಿನಿಂದ ಬೆಂಗಳೂರಿಗೆ ಸುಮಾರು ನಲವತ್ತು ಕಿಲೋಮೀಟರು. ನಾವು ಕಾಲೇಜಿನಲ್ಲಿದ್ದಾಗ ಶನಿವಾರ ಬಸ್ಸು ಹತ್ತಿ ಅಶೋಕನಗರದ ಫುಟ್‌ಬಾಲ್ ಕ್ರೀಡಾಂಗಣಕ್ಕೆ ಹೋಗಿ, ಐ.ಟಿ.ಐ., ಎಚ್.ಎ.ಎಲ್. ತಂಡಗಳ ಆಟ ನೋಡಿ, ಕಡಲೆಕಾಯಿ ತಿನ್ನುತ್ತಾ ರಾತ್ರಿಗೆ ಊರು ಸೇರುತ್ತಿದ್ದೆವು. ಮನೆಯಲ್ಲಿ ಬೈಗುಳ ಧಾರಾಳವಾಗಿ ಸಿಗುತ್ತಿತ್ತು. ಹೊತ್ತು ಮುಳುಗಿದ್ದರಿಂದ ಊಟ ಮಾತ್ರ ಸಿಗುತ್ತಿರಲಿಲ್ಲ.

ಆ ಮಾತು ಹಾಗಿರಲಿ. 2022ರ ಜೂನ್ ತಿಂಗಳಲ್ಲಿ ನಾವು ಓದಿದ ಕಾಲೇಜಿನಿಂದ ಕರೆ ಬಂತು. ನಾವೆಂದರೆ ಮೂವರು ಹಳೆಯ ವಿದ್ಯಾರ್ಥಿಗಳು: ಒಬ್ಬರದು ಹಾರ್ಡ್‌ವೇರ್ ಅಂಗಡಿ, ಒಬ್ಬರು ಕಾರ್ಖಾನೆಯಿಂದ ನಿವೃತ್ತರಾದವರು, ಇನ್ನೊಬ್ಬರು ಮೇಷ್ಟ್ರು. ಫುಟ್‌ಬಾಲ್ ತಂಡಕ್ಕೆ ಹುಡುಗರೇ ಇಲ್ಲ, ಈ ಸಲ ಹನ್ನೊಂದು ಜನ ಸಿಗದಿದ್ದರೆ ತಂಡದ ಹೆಸರನ್ನೇ ಪಟ್ಟಿಯಿಂದ ತೆಗೆಯುತ್ತೇವೆ ಎಂದರು ಅಲ್ಲಿನ ದೈಹಿಕ ಶಿಕ್ಷಣದ ಮೇಷ್ಟ್ರು. ಅವರದೇನೂ ತಪ್ಪಿಲ್ಲ. ಒಬ್ಬರೇ ಇಡೀ ಕಾಲೇಜಿನ ಎಲ್ಲ ಆಟ ನೋಡಿಕೊಳ್ಳಬೇಕು.

ಮೈದಾನಕ್ಕೆ ಹೋಗಿ ನೋಡಿದೆವು. ಒಂದು ಮೂಲೆಯಲ್ಲಿ ಹೊಸ ಕಟ್ಟಡದ ಜಲ್ಲಿ ರಾಶಿ, ನಡುವೆ ಕ್ರಿಕೆಟ್ ಪಿಚ್ಚು, ಒಂದು ಕಡೆಯ ಗೋಲು ಕಂಬಕ್ಕೆ ಯಾರೋ ಹಸು ಕಟ್ಟಿದ್ದರು. ಇನ್ನೊಂದು ಕಡೆ ಕಂಬವೇ ಇರಲಿಲ್ಲ. ಸಾಮಾನು ಕೋಣೆಯಲ್ಲಿ ಎರಡು ಚೆಂಡು, ಎರಡಕ್ಕೂ ಗಾಳಿಯಿಲ್ಲ.

ಹುಡುಗರು ಯಾಕೆ ಬರುವುದಿಲ್ಲ ಎಂದು ವಿಚಾರಿಸುತ್ತಾ ಹೋದಾಗ ನಮಗೆ ತಿಳಿದದ್ದು, ಆಸೆ ಇಲ್ಲದೆ ಅಲ್ಲ, ಹೊತ್ತಿಲ್ಲದೆ. ತಳಿ, ಕೆಲಮಂಗಲ, ಡೆಂಕಣಿಕೋಟೆ ಕಡೆಯ ಹುಡುಗರಿಗೆ ಸಂಜೆಯ ಬಸ್ಸು ತಪ್ಪಿದರೆ ಮನೆಗೆ ಹೋಗುವುದು ಕಷ್ಟ. ಊರಿನವರು ಕೆಲವರು ತರಗತಿ ಬಿಟ್ಟ ಕೂಡಲೇ ಸಿಪ್‌ಕಾಟ್ ಕೈಗಾರಿಕಾ ಪ್ರದೇಶದ ಸಣ್ಣ ಘಟಕಗಳಲ್ಲೋ, ಬಾಗಲೂರು ರಸ್ತೆಯ ಅಂಗಡಿಗಳಲ್ಲೋ ಕೆಲಸಕ್ಕೆ ಹೋಗುತ್ತಾರೆ. ಅವರ ದುಡಿಮೆ ಮನೆಗೆ ಬೇಕು. ಆಟ ಆಡಿ ಬಾ ಎಂದು ಅವರಿಗೆ ಹೇಳುವ ಹಕ್ಕು ನಮಗೆಲ್ಲಿದೆ?

ನಮ್ಮ ಸಮಾಜದ ಒಬ್ಬ ಹುಡುಗನೂ ಇದ್ದ. ಒಳ್ಳೆಯ ಗೋಲ್‌ಕೀಪರ್. ಆದರೆ ಅಜ್ಜಿ ಒಪ್ಪಲಿಲ್ಲ. "ಸಂಜೆ ಆಟ ಅಂದ್ರೆ ಇವನು ಊಟ ಯಾವಾಗ ಮಾಡ್ತಾನಪ್ಪ? ಅದೂ ಅಲ್ದೆ ಚರ್ಮದ ಚೆಂಡು ಕೈಯಲ್ಲಿ ಹಿಡೀಬೇಕು" ಎಂದರು. ಎರಡನೆಯದಕ್ಕೆ ನಮ್ಮ ಬಳಿ ಉತ್ತರವಿತ್ತು. ಹಿಂದೆ ಚೆಂಡು ಚರ್ಮದ್ದೇ ಆಗಿತ್ತು ನಿಜ, ಈಗಿನವು ಬಹುಪಾಲು ಕೃತಕ ವಸ್ತುವಿನವು, ಬೂಟು ಕೂಡ ಹಾಗೆಯೇ. ಒಂದು ಚೆಂಡು ತಂದು ತೋರಿಸಿದೆವು. ಮೂಸಿ ನೋಡಿ, ರಬ್ಬರಿನ ವಾಸನೆ ಎಂದು ಒಪ್ಪಿದರು. ಮೊದಲನೆಯದಕ್ಕೆ ಉತ್ತರವಿರಲಿಲ್ಲ.

ಎರಡು ದಿನ ಯೋಚಿಸಿದ ಮೇಲೆ, ಬೆಳಿಗ್ಗೆಯೇ ಯಾಕೆ ಆಡಬಾರದು ಅನ್ನಿಸಿತು. ಆರರಿಂದ ಏಳೂವರೆ. ಅಜ್ಜಿಯ ಒಂದು ಮಾತಿನಿಂದ ಕೆಲಸಕ್ಕೆ ಹೋಗುವ ಹುಡುಗರ ತೊಂದರೆಯೂ ನೀಗಿತು. ಹಳ್ಳಿಯ ಹುಡುಗರಿಗಾಗಿ ಅಂಗಡಿಯ ಹಿಂದಿನ ಗೋದಾಮಿನಲ್ಲಿ ಪೈಪು, ಬಣ್ಣದ ಡಬ್ಬ ಸರಿಸಿ ಚಾಪೆ ಹಾಸಿದೆವು. ವಾರಕ್ಕೆ ಮೂರು ರಾತ್ರಿ ಅಲ್ಲಿ ಮಲಗಿ, ಬೆಳಿಗ್ಗೆ ಆಡಿ, ಮನೆಯವರು ಮಾಡಿಕೊಟ್ಟ ರಾಗಿ ಗಂಜಿಯನ್ನೋ ಇಡ್ಲಿಯನ್ನೋ ತಿಂದು ತರಗತಿಗೆ ಹೋಗುತ್ತಿದ್ದರು. ಈ ಏರ್ಪಾಡಿನ ನಿಜವಾದ ಭಾರ ಹೊತ್ತವರು ನಮ್ಮ ಹೆಂಡಂದಿರು. ಅದನ್ನು ಇಲ್ಲಿ ಬರೆಯದಿದ್ದರೆ ಈ ಸಂಚಿಕೆ ಮನೆಗೆ ಬಂದ ದಿನ ನಮಗೆ ಗಂಜಿಯೂ ಇಲ್ಲ.

ಮೈದಾನದಲ್ಲಿ ಮೂರು ಭಾಷೆ. ಚೆಂಡು ಬೇಕಾದವನು ಕನ್ನಡದಲ್ಲಿ ಕೂಗಿದರೆ ಕೊಡಬೇಕಾದವನು ತೆಲುಗಿನವನು, ಅಡ್ಡ ಬರುವವನು ತಮಿಳಿನವನು. ಮೊದಲ ತಿಂಗಳೆಲ್ಲ ಜಗಳ. ಆಮೇಲೆ ಅವರೇ ಮೂರೂ ಕಲಸಿ ಒಂದು ಭಾಷೆ ಮಾಡಿಕೊಂಡರು. ನಮಗೆ ಅದು ಇನ್ನೂ ಪೂರ್ತಿ ಅರ್ಥವಾಗಿಲ್ಲ.

ಬರಿಗಾಲಲ್ಲಿ ಆಡಿ ರೂಢಿಯಾಗಿದ್ದ ಒಬ್ಬ ಹುಡುಗ ಬೂಟು ಹಾಕಲು ಒಪ್ಪಲಿಲ್ಲ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ನಮ್ಮವರಲ್ಲಿ ಹೆಚ್ಚಿನವರು ಬರಿಗಾಲಲ್ಲೇ ಆಡಿದರು, ಫ್ರಾನ್ಸ್ ವಿರುದ್ಧ 1-2ರಿಂದ ಸೋತ ಆ ಪಂದ್ಯದಲ್ಲಿ ನಮ್ಮ ಒಂದು ಗೋಲು ಹೊಡೆದವರು ಮೈಸೂರು ಸಂಸ್ಥಾನದ ಪರ ಆಡುತ್ತಿದ್ದ ರಾಮನ್, ಆ ತಂಡದಲ್ಲಿ ಬೆಂಗಳೂರಿನ ಅಹಮದ್ ಖಾನರೂ ಇದ್ದರು ಎಂದು ಮೇಷ್ಟ್ರು ಹುಮ್ಮಸ್ಸಿನಲ್ಲಿ ಹೇಳಿಬಿಟ್ಟರು. ಹುಡುಗ ಇನ್ನೂ ಗಟ್ಟಿಯಾದ. ಈಗಿನ ನಿಯಮದಲ್ಲಿ ಬೂಟಿಲ್ಲದೆ ಮೈದಾನಕ್ಕೇ ಬಿಡುವುದಿಲ್ಲ ಎಂದು ಒಪ್ಪಿಸುವುದಕ್ಕೆ ಒಂದು ವಾರ ಹಿಡಿಯಿತು.

ಸೆಪ್ಟೆಂಬರಿನಲ್ಲಿ ಮೊದಲ ಅಂತರ ಕಾಲೇಜು ಪಂದ್ಯ. 0-9ರಿಂದ ಸೋತೆವು. ಎರಡನೆಯ ಅರ್ಧದಲ್ಲಿ ಎದುರಾಳಿಗಳು ನಗುತ್ತಾ ಆಡುತ್ತಿದ್ದರು. ಹಿಂದಿರುಗುವಾಗ ವ್ಯಾನಿನಲ್ಲಿ ಯಾರೂ ಮಾತಾಡಲಿಲ್ಲ. ಕೃಷ್ಣಗಿರಿ ದಾಟಿ ಶೂಲಗಿರಿ ಬಂದಾಗ ಗೋಲ್‌ಕೀಪರ್ ಹುಡುಗ, "ಅಂಕಲ್, ನಾಳೆಯಿಂದ ನಾನು ಬರಲ್ಲ" ಎಂದ. ಒಂಬತ್ತು ಸಲ ಬಲೆಯಿಂದ ಚೆಂಡು ತೆಗೆದವನಿಗೆ ಏನು ಹೇಳುವುದು? ಅದೇ ವರ್ಷದ ಏಪ್ರಿಲ್‌ನಲ್ಲಿ ಮಂಜೇರಿಯಲ್ಲಿ ನಡೆದ ಸಂತೋಷ್ ಟ್ರೋಫಿ ಸೆಮಿಫೈನಲ್‌ನಲ್ಲಿ ಕರ್ನಾಟಕ ಕೇರಳದ ಎದುರು 3-7ರಿಂದ ಸೋತದ್ದನ್ನು ಹೇಳಿದೆವು. ಒಬ್ಬ ಆಟಗಾರನೇ ಐದು ಗೋಲು ಹೊಡೆದಿದ್ದ. "ಅವರು ಮೂರಾದರೂ ಹೊಡೆದ್ರಲ್ಲ" ಎಂದ.

ಎರಡು ವಾರ ಅವನು ಬರಲಿಲ್ಲ. ಅವನ ಜೊತೆ ಇನ್ನೂ ನಾಲ್ವರು. ಉಳಿದ ಎಂಟು ಮಂದಿಯೊಂದಿಗೆ ನಾವು ಮುದುಕರೇ ಇಳಿದು ಲೆಕ್ಕ ತುಂಬಿಸಿದೆವು. ಕಾರ್ಖಾನೆಯ ಗೆಳೆಯರ ಮಂಡಿ ಊದಿಕೊಂಡದ್ದು ಆಗಲೇ. ಸುದ್ದಿ ಹೇಗೋ ಹುಡುಗನ ಅಜ್ಜಿಗೆ ಮುಟ್ಟಿತು. ಮರುದಿನ ಬೆಳಿಗ್ಗೆ ಅವನು ಕೈಯಲ್ಲಿ ಎಣ್ಣೆಯ ಸೀಸೆ ಹಿಡಿದು ಬಂದ. ಅಜ್ಜಿ ಮಂಡಿಗೆ ಹಚ್ಚಲು ಕಳಿಸಿದ್ದರು. ಬಂದವನು ಗೋಲಿನಲ್ಲಿ ನಿಂತ.

2023ರ ಮಾರ್ಚ್ 4ರಂದು ಸೌದಿ ಅರೇಬಿಯದ ರಿಯಾದಿನಲ್ಲಿ ಕರ್ನಾಟಕ ಮೇಘಾಲಯವನ್ನು 3-2ರಿಂದ ಸೋಲಿಸಿ ಸಂತೋಷ್ ಟ್ರೋಫಿ ಗೆದ್ದಿತು. ಹಿಂದಿನ ಗೆಲುವು 1968-69ರಲ್ಲಿ, ರಾಜ್ಯಕ್ಕಿನ್ನೂ ಮೈಸೂರು ಎಂದೇ ಹೆಸರಿದ್ದಾಗ. ನಡುವೆ ಐವತ್ತನಾಲ್ಕು ವರ್ಷ! ಪತ್ರಿಕೆಯ ಆ ಪುಟವನ್ನು ಹುಡುಗರೇ ಕತ್ತರಿಸಿ ಗೋದಾಮಿನ ಗೋಡೆಗೆ ಅಂಟಿಸಿದರು. ನಾವಿರುವುದು ತಮಿಳುನಾಡಿನಲ್ಲಪ್ಪ ಎಂದು ಒಬ್ಬ ಕೀಟಲೆ ಮಾಡಿದ. ಅಂಟಿಸಲು ಮೈದಾ ಕಲಸಿದವನು ಅವನೇ.

ಆ ವರ್ಷ ಜೂನ್‌ನಲ್ಲಿ ಹೆಸರು ಕೊಡಲು ಹತ್ತೊಂಬತ್ತು ಜನ ಬಂದರು. ಜಲ್ಲಿ ರಾಶಿ ಹೋಯಿತು. ಎರಡನೆಯ ಗೋಲಿಗೆ ಅಂಗಡಿಯ ಪೈಪುಗಳನ್ನೇ ಬೆಸುಗೆ ಹಾಕಿಸಿದೆವು. ಆದರೆ ನಮ್ಮ ಒಳ್ಳೆಯ ಮುನ್ಪಡೆ ಆಟಗಾರ, ಆ ಬರಿಗಾಲಿನ ಹುಡುಗ, ತಂದೆ ತೀರಿಕೊಂಡದ್ದರಿಂದ ಓದು ಬಿಟ್ಟು ಕಾರ್ಖಾನೆಗೆ ಸೇರಿದ. ಶುಲ್ಕ ಕಟ್ಟುತ್ತೇವೆ ಎಂದೆವು. "ಶುಲ್ಕ ಸರಿ ಸರ್, ಮನೆ?" ಎಂದ. ಅದಕ್ಕೆ ನಮ್ಮಿಂದ ಉತ್ತರ ಕೊಡಲಾಗಲಿಲ್ಲ, ಇಂದಿಗೂ ಇಲ್ಲ.

ಸೆಪ್ಟೆಂಬರಿನಲ್ಲಿ ಮತ್ತೆ ಅದೇ ಎದುರಾಳಿ. 1-2ರಿಂದ ಸೋತೆವು. ಈ ಸಲ ಅವರು ನಗಲಿಲ್ಲ. ನಮ್ಮ ಗೋಲು ಬಿದ್ದಾಗ ಮೈದಾನದ ಗೆರೆಯಾಚೆ ಕಾರ್ಖಾನೆಯ ಸಮವಸ್ತ್ರದಲ್ಲಿ ಯಾರೋ ಕುಣಿಯುತ್ತಿದ್ದರು. ನೋಡಿದರೆ ಅವನೇ, ರಾತ್ರಿ ಪಾಳಿ ಮುಗಿಸಿ ನೇರವಾಗಿ ಬಂದಿದ್ದ. ಬೂಟನ್ನು ವಾಪಸು ಕೊಡಲು ತಂದಿದ್ದನಂತೆ. ಇಟ್ಟುಕೋ ಎಂದೆವು.