ಭಾವನ ಬುಲೆಟ್ ಫೀಡರ್

ನಮ್ಮ ಭಾವ ಟೆಕ್ಸಾಸಿನ ತಮ್ಮ ಮನೆಯ ಗ್ಯಾರೇಜಿನಲ್ಲಿ ಕೂತು ಪಿಸ್ತೂಲಿನ ತೋಟಾ ತಯಾರಿಸುತ್ತಾರೆ. ಗಾಬರಿ ಬೇಡ, ಬಂಗಾರಪೇಟೆಯಲ್ಲಿ ಹುಟ್ಟಿ ಬೆಳೆದ ಸಾಧು ಮನುಷ್ಯ. ವಾರವೆಲ್ಲ ಡೇಟಾಬೇಸ್ ಕಾಯುವ ಕೆಲಸ, ವೀಕೆಂಡ್ ಬಂತು ಅಂದರೆ ಶೂಟಿಂಗ್ ಮ್ಯಾಚು. ಒಂದು ಮ್ಯಾಚಿಗೆ ನೂರೈವತ್ತು ಇನ್ನೂರು ತೋಟಾ ಖರ್ಚು, ಪ್ರಾಕ್ಟೀಸಿಗೆ ಅದರ ಎರಡು ಮೂರರಷ್ಟು. ಎಲ್ಲಾ ಅಂಗಡಿಯಲ್ಲೇ ಕೊಳ್ಳುತ್ತಾ ಹೋದರೆ ಅಕ್ಕನ ಕೈಲಿ ಬೈಸಿಕೊಳ್ಳಬೇಕು. ಅದಕ್ಕೇ ಅಲ್ಲಿ ಬಹಳ ಜನ ಮಾಡುವ ಹಾಗೆ, ಹಾರಿಸಿದ ಮೇಲೆ ಬಿದ್ದ ಹಿತ್ತಾಳೆ ಕೇಸುಗಳನ್ನು ಆರಿಸಿ ತಂದು, ತೊಳೆದು, ಮತ್ತೆ ತುಂಬಿಸುತ್ತಾರೆ. ಸ್ವಂತ ಬಳಕೆಗಾದರೆ ಅಮೆರಿಕದ ಫೆಡರಲ್ ಕಾನೂನು ಇದಕ್ಕೆ ಲೈಸೆನ್ಸ್ ಕೇಳುವುದಿಲ್ಲ. ನಮ್ಮಲ್ಲಿ 1959ರ ಆಯುಧ ಕಾಯ್ದೆ ಪ್ರಕಾರ ತಯಾರಿಕೆಗೆ ಲೈಸೆನ್ಸ್ ಬೇಕೇ ಬೇಕು. ಕೊಡಗಿನವರಿಗೆ ಇರುವ ವಿನಾಯಿತಿಯೂ ಕೋವಿ ಇಟ್ಟುಕೊಳ್ಳೋಕೆ, ತಯಾರಿಸೋಕಲ್ಲ. ಹಾಗಾಗಿ ಇದನ್ನ ಓದಿ ಯಾರೂ ವೈಟ್‌ಫೀಲ್ಡಿನ ಅಪಾರ್ಟ್‌ಮೆಂಟ್ ಬಾಲ್ಕನಿಯಲ್ಲಿ ಶುರು ಹಚ್ಕೋಬೇಡಿ.

ಈ ಕೆಲಸಕ್ಕೆ ಬೇಕಾದ ಯಂತ್ರಕ್ಕೆ ಪ್ರೆಸ್ ಅಂತಾರೆ. ‘ಅವರು ಪ್ರೆಸ್ ತಗೊಂಡ್ರು’ ಅಂತ ಅಕ್ಕ ಫೋನಿನಲ್ಲಿ ಹೇಳಿದಾಗ ನಮ್ಮಮ್ಮ ಅಳಿಯ ಲಗ್ನಪತ್ರಿಕೆ ಅಚ್ಚು ಹಾಕೋ ಬಿಸಿನೆಸ್ಸಿಗೆ ಇಳಿದರು ಅಂತಲೇ ತಿಳಿದುಕೊಂಡಿದ್ದರು. ಎರಡು ಮೂರು ತಿಂಗಳು ಬೀದಿಯವರಿಗೆಲ್ಲ ಹಾಗೇ ಹೇಳಿಕೊಂಡು ಓಡಾಡಿದರು. ನಾವೂ ತಿದ್ದೋಕೆ ಹೋಗಲಿಲ್ಲ.

ಭಾವನ ಬಳಿ ಇರೋದು ಡಿಲನ್ ಕಂಪನಿಯ ಎಕ್ಸ್‌ಎಲ್ 750. ಇದು ಪ್ರೋಗ್ರೆಸಿವ್ ಪ್ರೆಸ್ಸು. ಒಂದು ಗುಂಡಗಿನ ತಟ್ಟೆ, ಅದರ ಸುತ್ತ ಐದು ಸ್ಟೇಷನ್. ಹ್ಯಾಂಡಲ್ ಒಂದು ಸಲ ಎಳೆದರೆ ಐದೂ ಕಡೆ ಏಕಕಾಲಕ್ಕೆ ಕೆಲಸ ನಡೆಯುತ್ತೆ, ತಟ್ಟೆ ಒಂದು ಹೆಜ್ಜೆ ತಿರುಗುತ್ತೆ, ಕೊನೆಯಲ್ಲಿ ಒಂದು ಸಿದ್ಧ ತೋಟಾ ಟಣ್ ಅಂತ ಡಬ್ಬಕ್ಕೆ ಬೀಳುತ್ತೆ. ಮೊದಲನೇ ಸ್ಟೇಷನ್ನಿನಲ್ಲಿ ಸುಟ್ಟ ಪ್ರೈಮರ್ ಆಚೆ ಹೋಗಿ ಕೇಸಿನ ಅಳತೆ ಸರಿಯಾಗುತ್ತೆ. ಎರಡನೆಯದರಲ್ಲಿ ಹೊಸ ಪ್ರೈಮರ್ ಕೂತು, ಬಾಯಿ ಒಂಚೂರು ಅಗಲವಾಗಿ, ಮದ್ದು ಬೀಳುತ್ತೆ. ಆಮೇಲೆ ಕೇಸಿನ ಬಾಯಿಗೆ ಬುಲೆಟ್, ಅಂದರೆ ಸೀಸದ ತುದಿ, ಇಡಬೇಕು. ಅದನ್ನು ಒಳಕ್ಕೆ ಒತ್ತಿ, ಬಾಯಿ ಬಿಗಿ ಮಾಡಿದರೆ ಮುಗೀತು. ಕೇಸುಗಳನ್ನ ಯಂತ್ರವೇ ತಂದುಕೊಳ್ಳುತ್ತೆ. ಬುಲೆಟ್ ಒಂದನ್ನ ಮಾತ್ರ ಎಡಗೈಯಲ್ಲಿ ತಗೊಂಡು ಇಡಬೇಕು. ಸಾವಿರ ತೋಟಾ ಅಂದರೆ ಸಾವಿರ ಸಲ.

ಆ ಎಡಗೈಗೆ ರಜೆ ಕೊಡುವ ಯಂತ್ರವೇ ಬುಲೆಟ್ ಫೀಡರ್. ‘ನೀನು ದಿನಾ ಇದೇ ಕೆಲಸ ಮಾಡ್ತೀಯಲ್ಲಪ್ಪಾ, ಯಾವುದು ತಗೊಳ್ಳಲಿ ಹೇಳು’ ಅಂತ ಭಾವ ನನ್ನ ಕೇಳಿದರು.

ದಿನಾ ಇದೇ ಮಾಡ್ತೀನಿ ಅನ್ನೋದು ನಿಜ. ನಾನಿರೋದು ನರಸಾಪುರದ ಒಂದು ಕಾರ್ಖಾನೆಯಲ್ಲಿ. ಸ್ಕ್ರೂ, ಸ್ಪ್ರಿಂಗ್, ಪಿನ್ನು ಇಂಥ ಚಿಲ್ಲರೆ ಸಾಮಾನನ್ನ ಅಸೆಂಬ್ಲಿ ಲೈನಿಗೆ ಸಾಲಾಗಿ, ಒಂದೇ ಮುಖವಾಗಿ ಕಳಿಸುವ ಬೌಲ್ ಫೀಡರುಗಳನ್ನ ಆರಿಸೋದು, ಕೂರಿಸೋದು, ಕೈಕೊಟ್ಟಾಗ ರಾತ್ರಿ ಎರಡು ಗಂಟೆಗೆ ಹೋಗಿ ರಿಪೇರಿ ಮಾಡೋದು ನನ್ನ ಕೆಲಸ. ಬೋಗುಣಿಯ ಕೆಳಗೆ ಕಾಯಿಲ್ ಇರುತ್ತೆ, ಅದು ನಡುಗಿಸಿದ ಹಾಗೆ ಸಾಮಾನುಗಳು ಒಳಗೋಡೆಯ ಸುರುಳಿ ದಾರಿ ಹತ್ತಿಕೊಂಡು ಮೇಲೆ ಬರುತ್ತವೆ. ತಲೆಕೆಳಗಾಗಿ ಬಂದದ್ದನ್ನ ದಾರಿಯಲ್ಲಿರುವ ಒಂದು ಕೊರಕಲು ವಾಪಸ್ ಬೋಗುಣಿಗೆ ಬೀಳಿಸುತ್ತೆ. ಗಂಟೆಗಟ್ಟಲೆ ನೋಡಿದರೂ ನನಗೆ ಬೇಜಾರಾಗದ ದೃಶ್ಯ ಅದು.

ಬುಲೆಟ್ಟಿನ ಫೀಡರುಗಳಲ್ಲಿ ಮುಖ್ಯವಾಗಿ ಎರಡು ಜಾತಿ. ಒಂದು ಕೊಳವೆಯದು. ಲೀ ಕಂಪನಿಯವರದು ಈ ತರಹದ್ದು. ಬುಲೆಟ್ಟುಗಳನ್ನ ನಾವೇ ಕೊಳವೆಗಳಲ್ಲಿ ಒಂದರ ಮೇಲೊಂದು ಪೇರಿಸಿ ಇಡಬೇಕು. ಅಗ್ಗ, ಮೋಟಾರಿಲ್ಲ, ಕೆಡೋಕೆ ಏನೂ ಇಲ್ಲ. ಆದರೆ ಕೈಕೆಲಸ ಎಲ್ಲಿಗೂ ಹೋಗಲಿಲ್ಲ, ಮುಂಚಿತವಾಗಿ ಮಾಡಿಟ್ಟುಕೊಂಡೆವು ಅಷ್ಟೆ. ಇನ್ನೊಂದು ಕೊಲೇಟರ್ ಇರೋದು. ಮಿಸ್ಟರ್ ಬುಲೆಟ್‌ಫೀಡರ್ ಅಂತ ಡಬಲ್ ಆಲ್ಫಾದವರದು ಇದರಲ್ಲಿ ಹೆಸರುವಾಸಿ, ಹಾರ್ನಡಿಯವರದೂ ಇದೆ. ಓರೆಯಾಗಿ ತಿರುಗುವ ತಟ್ಟೆಯ ಮೇಲೆ ಬುಲೆಟ್ಟುಗಳನ್ನ ಬೊಗಸೆಯಲ್ಲಿ ಸುರಿದರೆ ಸಾಕು. ಅಂಚಿನ ಗೂಡುಗಳಲ್ಲಿ ಕೂತು ಮೇಲೆ ಬಂದು, ಮೂತಿ ಕೆಳಗಾಗಿರೋದು ಅಲ್ಲೇ ಮಗುಚಿಕೊಂಡು, ಸ್ಪ್ರಿಂಗ್ ಕೊಳವೆಯಲ್ಲಿ ಸಾಲಾಗಿ ಇಳಿಯುತ್ತೆ. ಕೆಳಗೆ ಡ್ರಾಪರ್ ಅನ್ನೋ ಡೈ. ಅದರೊಳಗಿನ ಪುಟ್ಟ ಬಾಲ್‌ಗಳು ಬುಲೆಟ್ಟನ್ನ ಹಿಡಿದುಕೊಂಡಿರುತ್ತವೆ. ಕೇಸಿನ ಬಾಯಿ ಕೆಳಗಿನಿಂದ ಬಂದು ತಳ್ಳಿದಾಗ ಒಂದೇ ಒಂದನ್ನ ಬಿಡುತ್ತವೆ. ತ್ರೀಡಿ ಪ್ರಿಂಟರಿನಲ್ಲಿ ಇಂಥ ಕೊಲೇಟರನ್ನ ಮನೇಲೇ ಮಾಡಿಕೊಳ್ಳುವವರೂ ಇದ್ದಾರೆ. ಭಾವನಿಗೆ ಅದರ ಮೇಲೂ ಒಂದು ಕಣ್ಣಿತ್ತು. ಮೊದಲೇ ಎರಡು ಹವ್ಯಾಸ ಆಗಿವೆ, ಮೂರನೆಯದು ಬೇಡ ಅಂದೆ.

ಫೀಡರ್ ಆರಿಸುವಾಗ ನಾನು ಮೊದಲು ಕೇಳೋದು ಬೆಲೆಯನ್ನಲ್ಲ, ಸಾಮಾನಿನ ಆಕಾರವನ್ನ. ‘ಯಾವ ಬುಲೆಟ್ ಹಾಕ್ತೀರಿ ಭಾವ?’ 9 ಎಂಎಂ, ಗುಂಡು ಮೂತಿಯದು, ಮೇಲೆ ಬಣ್ಣದ ಲೇಪನ. ಒಳ್ಳೇದಾಯ್ತು. ಚಪ್ಪಟೆ ಮೂತಿಯದಾದರೆ ಮೇಲು ಕೆಳಗು ಒಂದೇ ಥರ ಕಾಣುತ್ತೆ, ಯಂತ್ರಕ್ಕೆ ದಿಕ್ಕು ತಪ್ಪುತ್ತೆ. ಮೇಣ ಸವರಿದ ಬರೀ ಸೀಸದ್ದಾದರೆ ಕೊಳವೆಯಲ್ಲಿ ಜಿಡ್ಡು ಕಟ್ಟುತ್ತೆ. ಎರಡನೇ ಪ್ರಶ್ನೆ, ಬೇರೆ ಬೇರೆ ಕ್ಯಾಲಿಬರ್ ಮಾಡ್ತೀರಾ? ಪ್ರತಿ ಅಳತೆಗೂ ಬಿಡಿಭಾಗ ಬೇರೆ ಕೊಳ್ಳಬೇಕಾಗುತ್ತೆ. ಇಲ್ಲ, ಒಂದೇ. ಕೇಸಿನ ಬಾಯಿಯನ್ನ ಸರಿಯಾಗಿ ಅಗಲಿಸುವ ಫನೆಲ್ ಹಾಕಿಕೊಳ್ಳಿ, ಇಲ್ಲದಿದ್ದರೆ ಬುಲೆಟ್ ವಾಲಿಕೊಂಡು ಕೂತು ಡೈಗೆ ತಗಲುತ್ತೆ ಅಂದೆ. ಇಷ್ಟಕ್ಕೆ ಮುಗಿದಿದ್ದರೆ ನಾನು ಇದನ್ನ ಬರೆಯುತ್ತಲೇ ಇರಲಿಲ್ಲ.

‘ಎಲ್ಲಿ ಕೂರಿಸ್ತೀರಿ?’ ಅಂತ ಕೇಳಿದೆ. ‘ಮೂರನೇ ಸ್ಟೇಷನ್ನಿನಲ್ಲಿ’ ಅಂದರು. ಅಲ್ಲಿ ಈಗ ಪೌಡರ್ ಚೆಕ್ ಇದೆ. ಕೇಸಿನೊಳಗೆ ಒಂದು ಕಡ್ಡಿ ಇಳಿಬಿಟ್ಟು ಮದ್ದಿನ ಮಟ್ಟ ನೋಡಿ, ತಪ್ಪಿದ್ದರೆ ಬೀಪ್ ಅನ್ನುವ ವ್ಯವಸ್ಥೆ. ಅದನ್ನ ಬಿಚ್ಚಿಟ್ಟು ಫೀಡರ್ ಹಾಕಿದರೆ, ನಾಲ್ಕರಲ್ಲಿ ಒತ್ತೋದು, ಐದರಲ್ಲಿ ಬಿಗಿ ಮಾಡೋದು ಎರಡೂ ಬೇರೆ ಬೇರೆ ಡೈಗಳಲ್ಲೇ ಉಳಿಯುತ್ತೆ. ಹಾಗೆ ಬೇರೆ ಇದ್ದರೆ ತೋಟಾದ ಉದ್ದ ಏಕರೂಪವಾಗಿರುತ್ತೆ ಅನ್ನೋದು ಭಾವನ ಲೆಕ್ಕ. ಲೆಕ್ಕ ಸರಿ. ಆದರೆ ನನಗೆ ಅಲ್ಲೇ ಇರಿಸುಮುರಿಸಾಯಿತು.

ಮದ್ದೇ ಬೀಳದ ತೋಟಾ ಹಾರಿಸಿದರೆ, ಪ್ರೈಮರಿನ ಶಕ್ತಿಯೊಂದೇ ಬುಲೆಟ್ಟನ್ನ ನಳಿಗೆಯ ನಡುವಿನ ತನಕ ತಳ್ಳಿ ಅಲ್ಲೇ ಸಿಕ್ಕಿಸುತ್ತೆ. ‘ಪುಸ್’ ಅನ್ನೋ ಸದ್ದು ಗಮನಿಸದೆ ಇನ್ನೊಂದು ಹಾರಿಸಿದರೆ ನಳಿಗೆ ಉಬ್ಬುತ್ತೆ, ಸೀಳಲೂಬಹುದು. ಎರಡು ಸಲ ಮದ್ದು ಬಿದ್ದರೆ ಇನ್ನೂ ಕೆಟ್ಟದು. 9 ಎಂಎಂ ಕೇಸಿನಲ್ಲಿ ಕೆಲವು ಮದ್ದುಗಳು ಎರಡರಷ್ಟು ಬಿದ್ದರೂ ತುಳುಕಿ ಗೊತ್ತಾಗೋದಿಲ್ಲ. ಪಿಸ್ತೂಲು ಇರೋದು ಮುಖದಿಂದ ಎರಡಡಿ ದೂರದಲ್ಲಿ.

ಬುಲೆಟ್ ಕೈಯಲ್ಲಿ ಇಡುವಾಗ ಒಂದು ವಿಷಯ ತಂತಾನೇ ನಡೆಯುತ್ತಿರುತ್ತೆ. ಬೆರಳು ಹೋದ ಕಡೆ ಕಣ್ಣು ಹೋಗುತ್ತೆ, ಕೇಸಿನ ಒಳಗೆ ಮದ್ದು ಕಾಣುತ್ತೆ. ಸಾವಿರ ಸಲ ಇಟ್ಟರೆ ಸಾವಿರ ಸಲ ನೋಡಿದ ಹಾಗೆ. ಅದನ್ನ ತಪಾಸಣೆ ಅಂತ ಯಾರೂ ಲೆಕ್ಕಕ್ಕೆ ಹಿಡಿದಿರೋದಿಲ್ಲ. ನಮ್ಮ ಕಾರ್ಖಾನೆಗಳಲ್ಲೂ ಇದೇ ಕಥೆ. ಹೆಂಗಸೊಬ್ಬರು ಕೂತು ಪಿನ್ ಜೋಡಿಸುತ್ತಿದ್ದಲ್ಲಿಗೆ ಫೀಡರ್ ಬರುತ್ತೆ, ಆ ಹೆಂಗಸು ಜೋಡಿಸುತ್ತಾ ಜೋಡಿಸುತ್ತಾ ಸೊಟ್ಟಗಿದ್ದದ್ದನ್ನೆಲ್ಲ ಪಕ್ಕಕ್ಕೆ ಎಸೆಯುತ್ತಿದ್ದರು ಅನ್ನೋದು ಅವರನ್ನ ಎಬ್ಬಿಸಿದ ಮೇಲೆ ತಿಳಿಯುತ್ತೆ. ಯಂತ್ರದ ಕೊಟೇಶನ್ನಿನಲ್ಲಿ ಅದಕ್ಕೊಂದು ಸಾಲು ಇರೋದಿಲ್ಲ.

ಭಾವನ ಡ್ರಾಪರ್ ಕೇಸಿನ ಬಾಯಿ ತಗಲಿತೇ ಅಂತ ಮಾತ್ರ ನೋಡುತ್ತೆ. ಒಳಗೇನಿದೆ ಅನ್ನೋದು ಅದಕ್ಕೆ ಬೇಕಿಲ್ಲ. ಕೆಜಿಎಫ್‌ನಲ್ಲಿ ಅದಿರು ಕುಟ್ಟುತ್ತಿದ್ದ ಸ್ಟ್ಯಾಂಪ್ ಮಿಲ್ಲುಗಳಿದ್ದವಲ್ಲ, ಆ ಕಾಲದ ಅಂಥ ಮಿಲ್ಲುಗಳಿಗೆ ಬಂದ ಸ್ವಯಂಚಾಲಿತ ಫೀಡರ್ ಇದಕ್ಕಿಂತ ಬುದ್ಧಿವಂತ. ಕೆಳಗೆ ಅದಿರು ಕಮ್ಮಿಯಾದರೆ ಕಬ್ಬಿಣದ ಒನಕೆ ಇನ್ನೂ ಕೆಳಕ್ಕೆ ಇಳಿಯುತ್ತೆ, ಇಳಿದಾಗ ಒಂದು ಸನ್ನೆಗೆ ತಗಲುತ್ತೆ, ಸನ್ನೆ ತಟ್ಟೆಯನ್ನ ತಿರುಗಿಸಿ ಅದಿರು ಬೀಳಿಸುತ್ತೆ. ಒರಳಲ್ಲಿ ಎಷ್ಟಿದೆ ಅಂತ ತಿಳಿದುಕೊಂಡು ಹಾಕುವ ಫೀಡರ್. ನೂರು ವರ್ಷಕ್ಕೂ ಹಿಂದಿನ ಐಡಿಯಾ, ಒಂದು ಸೆನ್ಸರ್ ಇಲ್ಲ.

ಅಕ್ಕ ಮಾರನೇ ದಿನ ಬೇರೆಯಾಗಿ ಫೋನ್ ಮಾಡಿದಳು. ‘ನನ್ನ ಮಾತು ಕೇಳಲ್ಲ ಕಣೋ. ನೀನು ಇಂಜಿನಿಯರ್ರು, ನಿನ್ನದು ಕೇಳ್ತಾರೆ. ಆ ಬೀಪ್ ತೆಗೆಯೋಕೆ ಬಿಡಬೇಡ. ತಾತ ಇದ್ದಿದ್ದರೆ ಬಿಡ್ತಿದ್ದರಾ?’

ತಾತ ಅಂದರೆ ಅಮ್ಮನ ಅಪ್ಪ, ಚಾಂಪಿಯನ್ ರೀಫ್ ಗಣಿಯಲ್ಲಿ ಬ್ಲಾಸ್ಟಿಂಗ್ ತಂಡದಲ್ಲಿದ್ದವರು. ಅವರ ಕನ್ನಡದಲ್ಲಿ ಅರ್ಧ ತೆಲುಗು, ಕಾಲುಭಾಗ ತಮಿಳು. ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದಿದ್ದ ಗಣಿ ಅದು. ಬಂಡೆಯಲ್ಲಿ ಕೊರೆದ ತೂತುಗಳಿಗೆ ತೋಟಾ ತುಂಬಿ, ಬತ್ತಿ ಹಚ್ಚಿ, ದೂರ ಬಂದು ನಿಂತು ಅವರು ಮಾಡುತ್ತಿದ್ದದ್ದು ಎಣಿಕೆ. ಇಷ್ಟು ಇಟ್ಟೆವು, ಇಷ್ಟು ಸದ್ದು ಬಂತು. ಒಂದು ಕಮ್ಮಿಯಾದರೆ ಆ ಜಾಗಕ್ಕೆ ಯಾರೂ ಹೋಗುವ ಹಾಗಿಲ್ಲ. ಹಾರದೆ ಉಳಿದ ತೂತಿಗೆ ಮುಂದಿನ ಶಿಫ್ಟಿನವನು ತಿಳಿಯದೆ ಡ್ರಿಲ್ ಇಟ್ಟರೆ ಅವನ ಕಥೆ ಮುಗೀತು. ಗಣಿ 2001ರ ಫೆಬ್ರವರಿಯಲ್ಲಿ ಮುಚ್ಚಿತು, ತಾತ ಅದಕ್ಕೂ ಮುಂಚೆಯೇ ರಿಟೈರ್ ಆಗಿದ್ದರು. ಎಣಿಕೆ ಮಾತ್ರ ಬಿಡಲಿಲ್ಲ. ದೀಪಾವಳಿಯಲ್ಲಿ ನಾವು ಲಕ್ಷ್ಮಿ ಪಟಾಕಿ ಹಚ್ಚಿದರೆ ಜಗಲಿ ಮೇಲೆ ಕೂತು ಬೆರಳು ಮಡಚುತ್ತಿದ್ದರು. ಒಂದು ಠುಸ್ ಆದರೆ ‘ಮಿಸ್‌ಫೈರ್!’ ಅಂತ ಕೂಗಿ, ತಾವೇ ಬಕೆಟ್ ನೀರು ತಂದು ಸುರಿಯುವ ತನಕ ಯಾರನ್ನೂ ಅಂಗಳಕ್ಕೆ ಬಿಡುತ್ತಿರಲಿಲ್ಲ. ಅಕ್ಕನ ಎಷ್ಟೋ ಪಟಾಕಿ ಹೀಗೆ ನೆನೆದು ಹಾಳಾಗಿವೆ. ಆಗ ತಾತನ ಮೇಲೆ ಅವಳಿಗೆ ಉರಿಯುತ್ತಿತ್ತು.

ಭಾವನಿಗೆ ತಾತನ ಕಥೆ ಹೇಳಲಿಲ್ಲ, ಅವರು ಅದನ್ನ ನನಗಿಂತ ಜಾಸ್ತಿ ಸಲ ಕೇಳಿದ್ದಾರೆ. ಸ್ಟೇಷನ್ನಿನ ಲೆಕ್ಕವನ್ನೇ ಹೇಳಿದೆ. ಮೂರರಲ್ಲಿ ಚೆಕ್ ಇರಲಿ, ಅದೂ ಬೀಪ್ ಅನ್ನೋದು ಬೇಡ. ಗ್ಯಾರೇಜಿನಲ್ಲಿ ಮಕ್ಕಳ ಗಲಾಟೆ, ಕಿವಿಯಲ್ಲಿ ಹಾಡು, ಬ್ಯಾಟರಿ ಮುಗಿದಿದ್ದರೆ ಗೊತ್ತಾಗೋದೂ ಇಲ್ಲ. ಆರ್‌ಸಿಬಿಎಸ್‌ನವರ ಲಾಕ್‌ಔಟ್ ಡೈ ಹಾಕಿ, ಮದ್ದು ತೀರಾ ಕಮ್ಮಿಯಾದರೂ ತೀರಾ ಜಾಸ್ತಿಯಾದರೂ ಅದು ಹ್ಯಾಂಡಲನ್ನೇ ಹಿಡಿದು ನಿಲ್ಲಿಸುತ್ತೆ. ಸಣ್ಣಪುಟ್ಟ ವ್ಯತ್ಯಾಸ ಅದಕ್ಕೆ ತಿಳಿಯೋದಿಲ್ಲ, ಅದಕ್ಕೆ ಆಗಾಗ ತೂಕ ಮಾಡಲೇಬೇಕು. ನಾಲ್ಕರಲ್ಲಿ ಫೀಡರ್. ಐದರಲ್ಲಿ ಒತ್ತೋದು ಬಿಗಿ ಮಾಡೋದು ಎರಡನ್ನೂ ಒಂದೇ ಡೈಯಲ್ಲಿ ಮಾಡಿ. ಇಷ್ಟಕ್ಕೆ ಒಪ್ಪದಿದ್ದರೆ ಎಂಟು ಸ್ಟೇಷನ್ ಇರೋ ಆರ್‌ಎಲ್ 1100 ಪ್ರೆಸ್ ಕೊಂಡುಕೊಳ್ಳಿ, ದುಡ್ಡಿನ ವಿಷಯ ಅಕ್ಕನ ಹತ್ತಿರ ಮಾತಾಡಿಕೊಳ್ಳಿ. ಮೂರರ ಪಕ್ಕದಲ್ಲಿ ಒಂದು ಎಲ್‌ಇಡಿ ದೀಪ, ಕೇಸಿನೊಳಗೆ ಕಾಣುವ ಹಾಗೆ ಒಂದು ಪುಟ್ಟ ಕನ್ನಡಿ. ಬಿಡುವಾದ ಎಡಗೈಗೆ ಕೆಲಸವಿಲ್ಲ, ಕಣ್ಣಿಗಿರಲಿ. ಯಾವುದೂ ಆಗಲ್ಲ ಅಂದರೆ ಫೀಡರೇ ಬೇಡ, ಮೊದಲಿನ ಹಾಗೆ ಕೈಯಲ್ಲೇ ಇಡಿ.

‘ನೀನು ನಮ್ಮ ಮಾವನೋರ ಮೊಮ್ಮಗ ಅಲ್ಲ, ಸಾಕ್ಷಾತ್ ಅವರೇ’ ಅಂದರು ಭಾವ. ಯಾರದೋ ಸಂಬಂಧ ಒಂದು ತಲೆಮಾರು ತಪ್ಪಿತ್ತು, ಬಿಟ್ಟುಬಿಟ್ಟೆ.

ಕೊಲೇಟರಿನ ಫೀಡರನ್ನೇ ತರಿಸಿಕೊಂಡರು, ನಾಲ್ಕರಲ್ಲೇ ಕೂರಿಸಿದ್ದಾರೆ. ಲಾಕ್‌ಔಟ್ ಡೈ ಮೂರರಲ್ಲಿದೆ ಅಂತ ಅಕ್ಕ ಫೋಟೋ ಕಳಿಸಿದಳು, ಅದೂ ಎರಡು ಕೋನದಿಂದ. ಒಂದೇ ಡೈ ಆದಮೇಲೆ ತೋಟಾದ ಉದ್ದ ಹೆಚ್ಚುಕಮ್ಮಿ ಬರ್ತಿದೆ ಅಂತ ಭಾವನ ತಕರಾರು ಇನ್ನೂ ನಿಂತಿಲ್ಲ. ಐವತ್ತು ತೋಟಾ ಹಳೇ ಪದ್ಧತಿಯದು, ಐವತ್ತು ಹೊಸದು, ಎರಡನ್ನೂ ಕ್ಯಾಲಿಪರಿನಲ್ಲಿ ಅಳೆದು ಎಕ್ಸೆಲ್ ಶೀಟ್ ಕಳಿಸ್ತೀನಿ ಅಂದಿದ್ದಾರೆ. ಶೀಟಿನಲ್ಲಿ ಮದ್ದಿನ ತೂಕಕ್ಕೂ ಒಂದು ಕಾಲಂ ಇರಲಿ ಅಂತ ಹೇಳಿದ್ದೀನಿ.