ತಲೆಯಿಲ್ಲದ ಪ್ರತಿಮೆ

ಹದಿನಾಲ್ಕು ವರ್ಷ ಇತಿಹಾಸ ಪಾಠ ಮಾಡಿದ ಮೇಲೆ ವಿದ್ಯಾರ್ಥಿಗಳನ್ನು ಕರೆದುಕೊಂಡು ಗ್ರೀಸಿಗೆ ಅಧ್ಯಯನ ಪ್ರವಾಸ ಹೊರಟೆ. ಥರ್ಮೊಪಿಲೆ ಕದನವನ್ನು ನಿದ್ದೆಗಣ್ಣಲ್ಲೂ ಒಪ್ಪಿಸಬಲ್ಲೆ ಎಂಬ ಜಂಬ ನನಗೆ. ಕ್ರಿ.ಪೂ. 480. ಒಂದು ಕಡೆ ಬೆಟ್ಟ, ಇನ್ನೊಂದು ಕಡೆ ಕಡಲು, ನಡುವಿನ ಇಕ್ಕಟ್ಟು ದಾರಿಯಲ್ಲಿ ಪರ್ಷಿಯನ್ನರನ್ನು ತಡೆದು ಸತ್ತ ದೊರೆ ಲಿಯೊನಿಡಾಸ್ ಮತ್ತವನ 300 ಸ್ಪಾರ್ಟನ್ನರು.

ಮೊದಲ ದಿನ ಅಥೆನ್ಸಿನ ರಾಷ್ಟ್ರೀಯ ಪುರಾತತ್ವ ಮ್ಯೂಸಿಯಂ. ಅಗಮೆಮ್ನಾನನ ಮುಖವಾಡ ಎಂದು ಹೆಸರಾದ ಚಿನ್ನದ ಮುಖದೆದುರು (ಅದು ಅವನದ್ದಲ್ಲ, ಇರಲಿ) ಮುಕ್ಕಾಲು ಗಂಟೆ ಭಾಷಣ ಬಿಗಿದೆ. ಮುಂದೊಂದು ಗಾಜಿನ ಪೆಟ್ಟಿಗೆಯಲ್ಲಿ ಬಾಣದ ಮೊನೆಗಳಿದ್ದವು. ಒಬ್ಬಳು ಹುಡುಗಿ ಅಲ್ಲೇ ಬಗ್ಗಿ ನೋಡುತ್ತಿದ್ದಳು. "ನಡಿಯಮ್ಮ, ಊಟಕ್ಕೆ ಹೊತ್ತಾಯ್ತು" ಅಂದೆ.

ಥರ್ಮೊಪಿಲೆಯಲ್ಲಿ ಬಸ್ಸಿಳಿದರೆ ಕಡಲೇ ಇಲ್ಲ! ಸ್ಪೆರ್ಖಿಯೋಸ್ ನದಿಯ ಹೂಳು ತುಂಬಿ ತುಂಬಿ ಅದು ಕಿಲೋಮೀಟರುಗಟ್ಟಲೆ ಹಿಂದೆ ಸರಿದಿದೆ. ಬಿಸಿನೀರ ಬುಗ್ಗೆಯ ಗಂಧಕದ ವಾಸನೆ ಮಾತ್ರ ಹಾಗೇ ಇತ್ತು. ಹೆದ್ದಾರಿ ಪಕ್ಕ, 1955ರಲ್ಲಿ ನಿಲ್ಲಿಸಿದ ಲಿಯೊನಿಡಾಸನ ಸ್ಮಾರಕ. ಅದರ ಬದಿಯಲ್ಲೇ ರೆಕ್ಕೆ ಮುರಿದ, ತಲೆಯಿಲ್ಲದ ಇನ್ನೊಂದು ಪ್ರತಿಮೆ.

"ಸರ್, ಇದು ಯಾರು?" ಅದೇ ಹುಡುಗಿ.

"ವಿಜಯದೇವತೆ" ಎಂದುಬಿಟ್ಟೆ.

ಅವಳು ಫಲಕದತ್ತ ಬಗ್ಗಿದಳು. "ಏಳುನೂರು ಥೆಸ್ಪಿಯನ್ನರ ನೆನಪಿಗೆ ಅಂತಿದೆ, ಸರ್."

ಗ್ರೀಕ್ ಇತಿಹಾಸಕಾರ ಹೆರೊಡೊಟಸ್ ನನ್ನ ಬ್ಯಾಗಿನಲ್ಲೇ ಇದ್ದ. ರಾತ್ರಿ ತೆಗೆದು ಓದಿದೆ. ಜೊತೆಗಿದ್ದ ಉಳಿದ ಗ್ರೀಕರನ್ನು ಲಿಯೊನಿಡಾಸ್ ವಾಪಸು ಕಳಿಸಿದಾಗ, ಥೆಸ್ಪಿಯೆ ಊರಿನ 700 ಮಂದಿ ಹೋಗಲೊಲ್ಲೆವೆಂದು ನಿಂತರು, ಅಲ್ಲೇ ಸತ್ತರು. ಹಿಂದೆ ಸರಿಯುವುದು ಸ್ಪಾರ್ಟನ್ನರ ಕಟ್ಟಳೆಗೆ ವಿರುದ್ಧ. ಥೆಸ್ಪಿಯನ್ನರಿಗೆ ಹೋಗಲು ಅನುಮತಿಯೇ ಸಿಕ್ಕಿತ್ತು. ನನ್ನ ಲೆಕ್ಕದಲ್ಲಿ ಇವರದ್ದೇ ದೊಡ್ಡ ಧೈರ್ಯ. ಆಮೇಲೆ ಅವರ ಊರನ್ನೂ ಪರ್ಷಿಯನ್ನರು ಸುಟ್ಟರು.

ಇನ್ನೊಂದು ಸಂಗತಿಯೂ ಆ ರಾತ್ರಿಯೇ ತಿಳಿದದ್ದು. ಕಡೆಯ ಹೋರಾಟ ನಡೆದದ್ದು ರಸ್ತೆಯಾಚೆಯ ಕೊಲೊನೊಸ್ ದಿಬ್ಬದಲ್ಲಿ. 1939ರಲ್ಲಿ ಪುರಾತತ್ವಜ್ಞ ಸ್ಪಿರಿಡಾನ್ ಮರಿನಾಟೊಸ್ ಅಲ್ಲಿ ಅಗೆಸಿದಾಗ ರಾಶಿ ಬಾಣದ ಮೊನೆ ಸಿಕ್ಕವು. ಅಥೆನ್ಸಿನ ಆ ಪೆಟ್ಟಿಗೆಯಲ್ಲಿದ್ದದ್ದು ಅವೇ. ದಿಬ್ಬಕ್ಕೆ ನಾನು ಯಾರನ್ನೂ ಹತ್ತಿಸಿರಲಿಲ್ಲ.

ಮರುದಿನ ಬಸ್ಸಿನಲ್ಲಿ ಮೈಕು ಹಿಡಿದು ತಪ್ಪೊಪ್ಪಿಕೊಂಡೆ. ಅವರಿಗಾದರೂ ಹೇಳಿದೆ. ಹಿಂದಿನ ಹದಿನಾಲ್ಕು ವರ್ಷದ ಮಕ್ಕಳು ಉತ್ತರಪತ್ರಿಕೆಯಲ್ಲಿ 'ಮುನ್ನೂರು' ಎಂದಷ್ಟೇ ಬರೆದು, ನನ್ನಿಂದ ಪೂರ್ತಿ ಅಂಕ ಪಡೆದು ಹೋಗಿದ್ದಾರೆ.