ನಮ್ಮ ಹಳೆಯ ಕಾರಿನ ಒಳಹೊದಿಕೆ

ಮನೆಯ ಗೋಡೆಗೆ ಸುಣ್ಣ ಹೊಡೆಯಿಸುವುದಕ್ಕೆ ಮೊದಲು ಮಾಡಿನ ಸೋರಿಕೆಯನ್ನು ನಿಲ್ಲಿಸಬೇಕೆಂಬುದು ಸಂಸಾರಸ್ಥರೆಲ್ಲರೂ ಬಲ್ಲ ಸಂಗತಿ. ಗೋಡೆಯ ವಿಷಯದಲ್ಲಿ ನಮಗಿದ್ದ ಈ ವಿವೇಕವು ಕಾರಿನ ವಿಷಯದಲ್ಲಿ ಇಲ್ಲದೆ ಹೋದುದರಿಂದ, ಒಂದೇ ಕೆಲಸವನ್ನು ಎರಡು ಸಲ ಮಾಡಿಸಿ ಎರಡು ಸಲ ಹಣ ತೆತ್ತೆವು. ಇದನ್ನು ವಾಚಕರ ಮುಂದೆ ಒಪ್ಪಿಕೊಳ್ಳಲು ನಮಗೆ ಸಂಕೋಚವಿಲ್ಲ. ಹಳೆಯ ಕಾರು ಇಲ್ಲದವರ ಮನೆಯಲ್ಲಿಯೂ ಹಿರಿಯರು ಬಿಟ್ಟುಹೋದ ವಸ್ತು ಒಂದಲ್ಲ ಒಂದು ಇದ್ದೇ ಇರುತ್ತದೆ. ನಮ್ಮ ತಪ್ಪು ಅಂಥವರಿಗೂ ಉಪಯೋಗಕ್ಕೆ ಬಂದೀತು.

ನಮ್ಮ ವಾಸ ಅಜ್ಜಂಪುರದಲ್ಲಿ. ಹಿಂದೆ ತರೀಕೆರೆಗೆ ಸೇರಿದ್ದು ಈಗ ತಾನೇ ಒಂದು ತಾಲ್ಲೂಕಿನ ಕೇಂದ್ರವಾಗಿರುವ ಊರು ಇದು. ತಂದೆಯವರು 1972ರಲ್ಲಿ ಕೊಂಡುತಂದ ಅಂಬಾಸಿಡರ್ ಕಾರು ಇಂದಿಗೂ ನಮ್ಮ ಕೊಟ್ಟಿಗೆಯ ಪಕ್ಕದ ಮಾಡಿನ ಕೆಳಗೆ ನಿಂತಿದೆ. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ರೂಪವನ್ನು ಅನುಸರಿಸಿ ಬಂಗಾಳದ ಉತ್ತರಪಾರಾದಲ್ಲಿ ಹಿಂದೂಸ್ತಾನ್ ಮೋಟಾರ್ಸ್‌ನವರು 1958ರಿಂದ ಇದನ್ನು ತಯಾರಿಸುತ್ತಿದ್ದರು. 2014ರಲ್ಲಿ ಆ ತಯಾರಿಕೆ ನಿಂತುಹೋಯಿತು. ಕೈಯಲ್ಲಿ ಹಣವಿದ್ದರೂ ಕಾರಿಗಾಗಿ ವರ್ಷಗಟ್ಟಲೆ ಕಾಯಬೇಕಾಗಿದ್ದ ಕಾಲದಲ್ಲಿ ಬಂದ ವಾಹನವಾದುದರಿಂದ, ಅದಕ್ಕೆ ನಮ್ಮ ಮನೆಯಲ್ಲಿ ಹಿರಿಯ ಮಗನ ಮರ್ಯಾದೆ.

ಆದರೆ ನಾವು ಅದನ್ನು ಇಟ್ಟುಕೊಂಡಿರುವುದು ಮರ್ಯಾದೆಗಾಗಿ ಮಾತ್ರವಲ್ಲ. ನಮ್ಮ ತಾಯಿಯವರಿಗೆ ಎಂಬತ್ತು ದಾಟಿದೆ. ಮಂಡಿಗಳು ಮಾತು ಕೇಳುವುದಿಲ್ಲ. ತಿಂಗಳಿಗೊಮ್ಮೆ ತರೀಕೆರೆಯಲ್ಲಿರುವ ತಂಗಿಯನ್ನು ನೋಡಿಬರುವುದೊಂದೇ ಅವರಿಗೆ ಉಳಿದಿರುವ ಪ್ರಯಾಣ. ಮಗನ ಹೊಸ ಕಾರಿನಲ್ಲಿ ಕೂರಬೇಕಾದರೆ ಅವರು ಬಾವಿಗೆ ಇಳಿಯುವವರಂತೆ ಬಗ್ಗಿ ಒಳಹೋಗಬೇಕು. ಅಂಬಾಸಿಡರಿನ ಹಿಂದಿನ ಆಸನವಾದರೋ ಮನೆಯ ಜಗಲಿಯಷ್ಟು ಎತ್ತರ. ಬಾಗಿಲಿನ ಹಿಡಿಯನ್ನು ಆತುಕೊಂಡು ಹಿಂದಕ್ಕೆ ಕುಳಿತು, ಆಮೇಲೆ ಕಾಲುಗಳನ್ನು ಒಳಗೆ ತೆಗೆದುಕೊಂಡರೆ ಆಯಿತು. ಆದುದರಿಂದ ಆ ಆಸನ ಕುಸಿದರೆ, ಅಕ್ಕತಂಗಿಯರ ಭೇಟಿಯೂ ನಿಂತಂತೆಯೇ.

2022ರ ವೇಳೆಗೆ ಕಾರಿನ ಒಳಮೈ ಬಹಳ ಹೀನ ಸ್ಥಿತಿಗೆ ಬಂದಿತ್ತು. ನಮ್ಮ ಈ ಸೀಮೆಯಲ್ಲಿ ಕಾರಿಗೆ ಇಬ್ಬರು ಶತ್ರುಗಳು. ಕಡೂರಿನ ಕಡೆ ಹೋದರೆ ಬಯಲುಸೀಮೆಯ ಬಿಸಿಲು. ತರೀಕೆರೆಯ ಕಡೆ ಹೋದರೆ ಕೆಮ್ಮಣ್ಣುಗುಂಡಿಯ ಬೆಟ್ಟಗಳಿಂದ ಇಳಿದುಬರುವ ಮಳೆ. ಆಸನದ ರೆಕ್ಸಿನ್ನನ್ನು ಬಿಸಿಲು ಸೀಳಿದ್ದಿತು. ರೆಕ್ಸಿನ್ ಎಂಬುದು ಮೊದಲಿಗೆ ಇಂಗ್ಲೆಂಡಿನ ಒಂದು ಕಂಪೆನಿಯ ಸರಕಿನ ಹೆಸರು. ಈಗ ನಾವು ಆ ಹೆಸರಿನಿಂದ ಕೊಳ್ಳುವುದು ಹತ್ತಿಯ ಅಥವಾ ಬೇರೆ ನೂಲಿನ ಬಟ್ಟೆಯ ಮೇಲೆ ಪಿ.ವಿ.ಸಿ. ಲೇಪಿಸಿದ ಹಾಳೆಯನ್ನು. ಆ ಲೇಪ ಮೆತ್ತಗಿರಲೆಂದು ಒಂದು ಬಗೆಯ ಎಣ್ಣೆಯಂಥ ದ್ರವ್ಯವನ್ನು ಬೆರೆಸಿರುತ್ತಾರೆ. ಮುಚ್ಚಿದ ಕಾರು ಬಿಸಿಲಿನಲ್ಲಿ ಕಾದಾಗ ಆ ದ್ರವ್ಯ ಸ್ವಲ್ಪಸ್ವಲ್ಪವಾಗಿ ಹೊರಬರುತ್ತದೆ. ಗಾಜಿನ ಒಳಮೈಯಲ್ಲಿ ಕಟ್ಟುವ ಜಿಡ್ಡಿನಲ್ಲಿ ಬಹುಪಾಲು ಅದೇ. ಅದು ಹೋದಷ್ಟೂ ರೆಕ್ಸಿನ್ ಬಿರುಸಾಗಿ ಬಿರಿಯುತ್ತದೆ.

ಬಾಗಿಲುಗಳ ಒಳಹಲಗೆಯನ್ನು ಕೆಡಿಸಿದ್ದು ನೀರು. ಅದು ಹಾರ್ಡ್‌ಬೋರ್ಡಿನ ತೆಳುಹಲಗೆ. ಅಮೆರಿಕದ ವಿಲಿಯಂ ಮೇಸನ್ ಎಂಬಾತ 1924ರಲ್ಲಿ, ಮರದ ಚೂರುಗಳನ್ನು ಹಬೆಯಿಂದ ಸಿಡಿಸಿ ನಾರಾಗಿ ಮಾಡಿ, ಕಾಯಿಸಿ ಒತ್ತಿ ಹಲಗೆಯಾಗಿಸುವ ಕ್ರಮವನ್ನು ಕಂಡುಹಿಡಿದನು. ಒಣಗಿದ್ದಾಗ ಅದು ಬಲು ಗಟ್ಟಿ. ಅಂಚಿನಿಂದ ನೀರು ಕುಡಿಯಿತೆಂದರೆ ಹಾಲಿನಲ್ಲಿ ಅದ್ದಿದ ರೊಟ್ಟಿಯಂತೆ ಉಬ್ಬುತ್ತದೆ. ನಮ್ಮ ನಾಲ್ಕು ಬಾಗಿಲುಗಳ ಹಲಗೆಗಳೂ ಕೆಳಗೆ ಉಬ್ಬಿ, ಕ್ಲಿಪ್ಪುಗಳು ಕಳಚಿ, ಕಾರು ಓಡುವಾಗ ತಾಳ ಹಾಕುತ್ತಿದ್ದವು.

ಕಾರಿನ ನೋಂದಣಿಯನ್ನು ಐದು ವರ್ಷಕ್ಕೊಮ್ಮೆ ನವೀಕರಿಸಬೇಕಾದ ಗಡುವೂ ಆ ವರ್ಷವೇ ಬಂದಿತು. ಮನೆಯಲ್ಲಿ ಚರ್ಚೆ ನಡೆಯಿತು. ಐವತ್ತು ವರ್ಷ ದಾಟಿ ಮೂಲರೂಪ ಕೆಡದ ವಾಹನಗಳನ್ನು ‘ವಿಂಟೇಜ್’ ಎಂದು ನೋಂದಾಯಿಸಲು ಕೇಂದ್ರ ಸರಕಾರ 2021ರಲ್ಲಿ ನಿಯಮ ಮಾಡಿರುವುದನ್ನು ಮಿತ್ರರೊಬ್ಬರು ನೆನಪಿಸಿದರು. ಅದರಲ್ಲಿ ಗೌರವವೇನೋ ಉಂಟು. ಆದರೆ ಅಂಥ ವಾಹನವನ್ನು ದಿನಬಳಕೆಗೆ ರಸ್ತೆಗೆ ಇಳಿಸುವಂತಿಲ್ಲ. ತಾಯಿಯವರನ್ನು ತರೀಕೆರೆಗೆ ಕರೆದೊಯ್ಯದ ಗೌರವ ನಮಗೆ ಬೇಡವಾಯಿತು. ಮಗನು, “ಒಳಗೆ ಎಲ್ಲವನ್ನೂ ಕಿತ್ತು ಹೊಸದು ಹಾಕಿಸಿಬಿಡೋಣ” ಎಂದನು. “ಅಜ್ಜನ ಕಾಲದ್ದು ಒಂದೂ ಹೋಗಕೂಡದು” ಎಂದು ನಾವು ಹಟ ಹಿಡಿದೆವು. ಕೊನೆಗೆ ಆಸನಗಳನ್ನೂ ಬಾಗಿಲಿನ ಹಲಗೆಗಳನ್ನೂ ಬದಲಾಯಿಸುವುದು, ಚಾವಣಿಯ ಬಟ್ಟೆಯನ್ನು ಮುಟ್ಟದಿರುವುದು ಎಂದು ರಾಜಿಯಾಯಿತು.

ದೂರದ ಒಂದು ಪಟ್ಟಣದ ಅಂಗಡಿಯಲ್ಲಿ ಕೆಲಸವಾಯಿತು. ಹೊಸ ಹಲಗೆ, ಹೊಸ ರೆಕ್ಸಿನ್, ಆಸನಕ್ಕೆ ದಪ್ಪನೆಯ ಫೋಮು. ನೋಡಿದವರೆಲ್ಲ ಹೊಗಳಿದರು. ತಾಯಿಯವರು ಮಾತ್ರ ಏನೂ ಹೇಳಲಿಲ್ಲ. ಅವರು ಕುಳಿತಾಗ ಪಾದಗಳು ನೆಲಕ್ಕೆ ಸರಿಯಾಗಿ ಮುಟ್ಟುತ್ತಿರಲಿಲ್ಲವೆಂಬುದನ್ನೂ, ತರೀಕೆರೆಯವರೆಗೂ ಮುಂದಿನ ಆಸನದ ಬೆನ್ನನ್ನು ಹಿಡಿದೇ ಕುಳಿತಿದ್ದರೆಂಬುದನ್ನೂ ನಾವು ಕಂಡೂ ಕಾಣದವರಂತೆ ಇದ್ದೆವು. ಅಂಗಡಿಯವರು ಹಿಂದಿರುಗಿಸಿದ ಹಳೆಯ ಹಲಗೆಗಳನ್ನು ನಮ್ಮ ಮನೆಯವರು ಬಚ್ಚಲ ಒಲೆಯ ಹತ್ತಿರ ಇರಿಸಿದ್ದರು. “ಅದನ್ನು ಒಲೆಗೆ ಹಾಕಬೇಡಿ, ಅಟ್ಟದ ಮೇಲಿಡಿ” ಎಂದರು ತಾಯಿಯವರು. ವಯಸ್ಸಾದವರ ಮಮತೆಯೆಂದು ತಿಳಿದು ಹಾಗೆಯೇ ಮಾಡಿದೆವು.

ಮಳೆಗಾಲ ಕಳೆದು ಆಯುಧಪೂಜೆಗೆ ಕಾರು ತೊಳೆಯಲು ಬಾಗಿಲು ತೆರೆದರೆ ಬೂಷ್ಟಿನ ವಾಸನೆ. ಹೊಸ ಹಲಗೆಗಳೂ ಕೆಳಗೆ ಉಬ್ಬಿದ್ದವು! ಅಂಗಡಿಯವರನ್ನು ಮನಸಾರೆ ಬಯ್ದು, ಮುಂದಿನ ಬೇಸಗೆಯಲ್ಲಿ ಬೀರೂರಿನ ಮಾರ್ಗವಾಗಿ ಕಡೂರಿಗೆ ಹೋಗಿ, ಅಲ್ಲಿ ಬಹುಕಾಲದಿಂದ ಕಾರು, ಬಸ್ಸುಗಳ ಸೀಟು ಹೊಲಿಯುತ್ತಿರುವ ವೃದ್ಧರೊಬ್ಬರಿಗೆ ತೋರಿಸಿದೆವು. ಅವರು ನಮ್ಮ ಬಯ್ಗುಳವನ್ನು ಕೇಳಿಸಿಕೊಳ್ಳಲೇ ಇಲ್ಲ. ಹಿಡಿಗಳನ್ನು ಬಿಚ್ಚಿ, ಹಲಗೆಯನ್ನು ಮೆಲ್ಲಗೆ ಮೀಟಿ ತೆಗೆದು, ಬಾಗಿಲಿನ ಹೊಟ್ಟೆಯೊಳಗೆ ಬೆಳಕು ಬಿಟ್ಟು, “ನೋಡಿ ಸ್ವಾಮಿ” ಎಂದರು. ತಳದಲ್ಲಿ ಎರಡು ಬೆರಳು ದಪ್ಪ ಕೆಸರು ಒಣಗಿ ಕುಳಿತಿತ್ತು.

ಇದರ ಮರ್ಮ ಹೀಗಿದೆ. ಗಾಜಿನ ಮೇಲೆ ಬಿದ್ದ ಮಳೆಯ ನೀರಿನಲ್ಲಿ ಸ್ವಲ್ಪ ಭಾಗ ಗಾಜಿನ ಜೊತೆಯಲ್ಲಿಯೇ ಬಾಗಿಲಿನ ಒಳಕ್ಕೆ ಇಳಿಯುತ್ತದೆ. ಎಂಥ ಹೊಸ ಕಾರಿನಲ್ಲಿಯೂ ಇದನ್ನು ಪೂರ್ತಿಯಾಗಿ ತಡೆಯಲಾಗದು. ಹಾಗೆ ಇಳಿದ ನೀರು ಹೊರಗೆ ಹೋಗಲೆಂದೇ ಬಾಗಿಲಿನ ತಳದ ಅಂಚಿನಲ್ಲಿ ಸಣ್ಣ ತೂತುಗಳನ್ನು ಬಿಟ್ಟಿರುತ್ತಾರೆ. ಹಲಗೆಯ ಹಿಂದೆ ತೇವ ತಗಲದಂತೆ ಒಂದು ಪ್ಲಾಸ್ಟಿಕ್ ಹಾಳೆಯೂ ಇರಬೇಕು. ನಮ್ಮ ಕಾರಿನಲ್ಲಿ ತೂತುಗಳನ್ನು ಕೆಸರು ಮುಚ್ಚಿತ್ತು, ಹಾಳೆ ಹರಿದುಹೋಗಿತ್ತು. ನೀರು ಒಳಗೇ ನಿಂತು, ತಗಡಿಗೆ ತುಕ್ಕನ್ನೂ ಹಲಗೆಗೆ ಉಬ್ಬನ್ನೂ ಕೊಟ್ಟಿತ್ತು. ಬಟ್ಟೆಯನ್ನು ಎಷ್ಟು ಸಲ ಬದಲಾಯಿಸಿದರೂ ಫಲ ಇದೇ.

ಆ ಸಂಜೆ ಮನೆಗೆ ಬಂದು ಈ ಸಮಾಚಾರವನ್ನು ಹೇಳಿದೆವು. ತಾಯಿಯವರು, “ಅವರು ಹಲಗೆಯ ಹಿಂದೆ ಏನೋ ಬರೆದಿದ್ದರಲ್ಲ” ಎಂದರು. ಅಟ್ಟದಿಂದ ಹಲಗೆಗಳನ್ನು ಇಳಿಸಿ ಒರೆಸಿದೆವು. ಬಲಗಡೆಯ ಮುಂಬಾಗಿಲಿನ ಹಲಗೆಯ ಹಿಂದೆ, ತಂದೆಯವರ ದುಂಡು ಅಕ್ಷರಗಳಲ್ಲಿ, ಸೀಸದ ಕಡ್ಡಿಯಿಂದ ಬರೆದಿತ್ತು: “ಕಡೂರು, ಮೇ 1986. ಹೊಸ ಹಲಗೆ. ಪ್ರತಿವರ್ಷ ಮಳೆಗೆ ಮುಂಚೆ ತಳದ ತೂತು ಬಿಡಿಸತಕ್ಕದ್ದು. ಮರೆತರೆ ಇದೂ ಹೋಗುತ್ತದೆ.”

ನಾವು ಬಹಳ ಹೊತ್ತು ಮಾತಾಡಲಿಲ್ಲ. ‘ಮೂಲದ್ದು, ಹೋಗಕೂಡದು’ ಎಂದು ನಾವು ಹಟ ಹಿಡಿದಿದ್ದ ಹಲಗೆ ಮೂಲದ್ದೇ ಆಗಿರಲಿಲ್ಲ; ತಂದೆಯವರೇ ಸ್ವಲ್ಪವೂ ಕಳವಳವಿಲ್ಲದೆ ಅದನ್ನು ಬದಲಾಯಿಸಿದ್ದರು. ಅವರು ಬಿಡದೆ ನಡೆಸಿಕೊಂಡು ಬಂದದ್ದು ಬೇರೊಂದು. ಪ್ರತಿ ವರ್ಷ ಮೇ ತಿಂಗಳಲ್ಲಿ ಅವರು ತೆಂಗಿನ ಕಡ್ಡಿಯೊಂದನ್ನು ಹಿಡಿದು ಕಾರಿನ ಬಾಗಿಲುಗಳ ಕೆಳಗೆ ಕುಕ್ಕುರುಗಾಲಿನಲ್ಲಿ ಕೂರುತ್ತಿದ್ದುದು ನಮಗೆ ಆಗ ನೆನಪಾಯಿತು. ಕೆಲಸವಿಲ್ಲದವರ ಹವ್ಯಾಸವೆಂದು ನಾವು ನಕ್ಕಿದ್ದೂ ಉಂಟು. ಅವರು 2011ರಲ್ಲಿ ತೀರಿಕೊಂಡರು. ಅಂದಿನಿಂದ ಆ ಕಡ್ಡಿಯನ್ನು ಯಾರೂ ಹಿಡಿದಿರಲಿಲ್ಲ. ಕಾರನ್ನು ಹಾಳುಮಾಡಿದ್ದು ವಯಸ್ಸೂ ಅಲ್ಲ, ಅಂಗಡಿಯೂ ಅಷ್ಟಾಗಿ ಅಲ್ಲ, ನಾವೇ.

ಎರಡನೆಯ ಸಲದ ಕೆಲಸ ಕಡೂರಿನಲ್ಲಿ ನಡೆಯಿತು. ಮೊದಲು ಕೆಸರು ತೆಗೆದು, ತುಕ್ಕು ಉಜ್ಜಿ, ತುಕ್ಕು ಹಿಡಿಯದ ಬಣ್ಣ ಬಳಿದರು. ಹಾರ್ಡ್‌ಬೋರ್ಡಿಗೆ ಬದಲಾಗಿ ನೀರು ತಡೆಯುವ ತೆಳುವಾದ ಪ್ಲೈವುಡ್ಡನ್ನು ಹಳೆಯ ಹಲಗೆಯ ಅಳತೆಗೇ ಕೊಯ್ದು, ಅಂಚುಗಳಿಗೂ ಬೆನ್ನಿಗೂ ವಾರ್ನಿಷ್ ಕುಡಿಸಿದರು. ಕ್ಲಿಪ್ಪುಗಳು ಬೆಂಗಳೂರಿನ ಜೆ.ಸಿ. ರಸ್ತೆಯಿಂದ ಬಂದವು. ಹಿಂದೆ ಹೊಸ ಪ್ಲಾಸ್ಟಿಕ್ ಹಾಳೆಯನ್ನು, ಅದರ ಕೆಳತುದಿ ಬಾಗಿಲಿನ ಹೊಟ್ಟೆಯೊಳಕ್ಕೆ ಇಳಿಯುವಂತೆ ಅಂಟಿಸಿದರು. ಹಾಗಿದ್ದರೆ ಹಾಳೆಯ ಮೇಲೆ ಜಾರಿದ ಹನಿಯೂ ತೂತಿನ ಕಡೆಗೇ ಹೋಗುತ್ತದೆ.

ಆಸನಕ್ಕೆ ಕೈಹಾಕುವ ಮೊದಲು ಆ ವೃದ್ಧರು, “ಅಮ್ಮನವರನ್ನು ಕರೆದುಕೊಂಡು ಬನ್ನಿ. ಕಾರಿಗೆ ಅಳತೆ ತೆಗೆದು ಏನು ಮಾಡಲಿ, ಕೂರುವವರ ಅಳತೆ ಬೇಕು” ಎಂದರು. ತಾಯಿಯವರು ಹೋಗಿ ಕುಳಿತರು. ದಪ್ಪ ಫೋಮನ್ನು ತೆಗೆದು, ಸ್ಪ್ರಿಂಗಿನ ಮೇಲೆ ಗೋಣಿಬಟ್ಟೆ, ಅದರ ಮೇಲೆ ರಬ್ಬರಿನ ಹಾಲು ಹಾಯಿಸಿ ಒತ್ತಿದ ತೆಂಗಿನ ನಾರಿನ ಹಾಸು, ಮೇಲೆ ತೆಳುವಾದ ಫೋಮು ಹಾಕಿ, ಪಾದ ನೆಲಕ್ಕೆ ಮುಟ್ಟುವವರೆಗೂ ಮೂರು ಸಲ ತಗ್ಗಿಸಿದರು. ತೆಂಗಿನ ಸೀಮೆಯಲ್ಲಿ ನಾರಿಗೆ ಬರವಿಲ್ಲ. ಅದು ಗಾಳಿಯಾಡುವ ವಸ್ತುವಾದುದರಿಂದ ಸೆಕೆಯೂ ಕಡಿಮೆ. ಚಾವಣಿಯ ಬಟ್ಟೆಯನ್ನು ಮೃದುವಾದ ಸಾಬೂನಿನ ನೀರಿನಲ್ಲಿ ಅದ್ದಿ ಹಿಂಡಿದ ಅರಿವೆಯಿಂದ ಒರೆಸಿದ್ದೇ ಸಾಕಾಯಿತು. ಹೊಳಪು ಬರಲೆಂದು ಸೀಮೆಎಣ್ಣೆಯನ್ನಾಗಲಿ ಕೊಬ್ಬರಿಎಣ್ಣೆಯನ್ನಾಗಲಿ ರೆಕ್ಸಿನ್ನಿಗೆ ಸವರುವ ವಾಡಿಕೆಯನ್ನು ಅವರು ಖಂಡಿತವಾಗಿ ಬೇಡವೆಂದರು. ಬಿಸಿಲಿನಲ್ಲಿ ನಿಲ್ಲಿಸಬೇಕಾದಾಗ ಆಸನದ ಮೇಲೆ ಒಂದು ಹಳೆಯ ಹತ್ತಿಯ ಪಂಚೆಯನ್ನು ಹಾಸುವುದು ಎಲ್ಲ ಎಣ್ಣೆಗಳಿಗಿಂತ ಮೇಲು.

ಹಲಗೆಗಳನ್ನು ಕೂರಿಸುವ ಮುನ್ನ ಸೀಸದ ಕಡ್ಡಿಯನ್ನು ತರಿಸಿ, ಬಲಗಡೆಯ ಮುಂಬಾಗಿಲಿನ ಹಲಗೆಯ ಬೆನ್ನಿನಲ್ಲಿ, “ಕಡೂರು, ಮೇ 2023” ಎಂದು ಬರೆದು, ಕೆಳಗೆ ತಂದೆಯವರ ವಾಕ್ಯವನ್ನೇ ನಕಲು ಮಾಡಿದೆವು. ಮಗನು ಅದನ್ನು ಓದಿ, ತೂತು ಎಲ್ಲೆಲ್ಲಿದೆಯೆಂದು ಕೇಳಿ ತಿಳಿದುಕೊಂಡನು.

ಮುಂದಿನ ವಾರ ತರೀಕೆರೆಗೆ ಹೋದೆವು. ದಾರಿಯಲ್ಲಿ ಮುಂಗಾರಿನ ಮೊದಲ ಮಳೆ ಹಿಡಿಯಿತು. ತಂಗಿಯ ಮನೆಯ ಮುಂದೆ ಕಾರು ನಿಂತಾಗ, ಬಾಗಿಲುಗಳ ತಳದಿಂದ ನೀರು ಸಣ್ಣ ದಾರವಾಗಿ ನೆಲಕ್ಕೆ ಇಳಿಯುತ್ತಿತ್ತು. ತಾಯಿಯವರ ಎರಡು ಕೈಗಳೂ ಮಡಿಲಲ್ಲಿದ್ದವು. “ಆರಾಮವಾಗಿತ್ತೇನಮ್ಮ?” ಎಂದು ಕೇಳಿದೆವು. “ನಿದ್ದೆ ಬಂದಿತ್ತಪ್ಪ” ಎಂದರು.